ಹೆಸರು ಕೊಟ್ಟು ಮಾಡ್ಯೂಲ್ ಲೋಡ್ ಮಾಡುವುದು: ನನ್ನ ಲ್ಯಾಪ್‌ಟಾಪಿನಲ್ಲಿ ಓಡುತ್ತದೆ, ಇಂಡಿಯಲ್ಲಿ ಓಡುವುದಿಲ್ಲ

ಒಣದ್ರಾಕ್ಷಿ (ವಿಜಯಪುರ) · ಸೋಮವಾರ ರಾತ್ರಿ 9:12

ಎಲ್ಲರಿಗೂ ನಮಸ್ಕಾರ. ಪೈಥಾನ್ ಭಾಷೆಯಲ್ಲಿ ಪ್ರೋಗ್ರಾಮ್ ಬರೆಯುವವರು ಸ್ವಲ್ಪ ನೋಡಿ. ಮೂರು ದಿನದಿಂದ ಇದರಲ್ಲೇ ಸಿಕ್ಕಿಕೊಂಡಿದ್ದೇನೆ.

ಕೋಲ್ಡ್ ಸ್ಟೋರೇಜ್‌ಗಳಿಗೆ ಬಿಲ್ಲಿಂಗ್ ಪ್ರೋಗ್ರಾಮ್ ಬರೆದುಕೊಡುತ್ತೇನೆ. ರೈತರು ಒಣದ್ರಾಕ್ಷಿ ತರುತ್ತಾರೆ, ಕಾಟಾ ಮೇಲೆ ಇಡುತ್ತಾರೆ, ತೂಕ ಕೇಬಲ್ ಮೂಲಕ ಕಂಪ್ಯೂಟರ್‌ಗೆ ಬರುತ್ತದೆ, ಚೀಟಿ ಪ್ರಿಂಟ್ ಆಗುತ್ತದೆ. ಇಷ್ಟೇ ಕೆಲಸ. ಆದರೆ ಒಂದೊಂದು ಕಡೆ ಒಂದೊಂದು ಥರದ ಕಾಟಾ. ಅಂಕಿ ಕಳಿಸುವ ವೇಗ ಒಂದರದ್ದು 9600 ಬಾಡ್, ಇನ್ನೊಂದರದ್ದು 2400. ಒಂದು ಕಾಟಾ ತೂಕದ ಕೊನೆಗೆ ಕೆಜಿ ಅಂತ ಸೇರಿಸಿ ಕಳಿಸುತ್ತದೆ, ಇನ್ನೊಂದು ಬರೀ ಅಂಕಿ. ನಮ್ಮ ಜಿಲ್ಲೆಯ ಇಂಡಿ ಊರಿನಲ್ಲಿರುವ ಕಾಟಾ ಅಂಕಿಗಳನ್ನು ಹಿಂದುಮುಂದಾಗಿ ಕಳಿಸುತ್ತದೆ. 1840 ಕಿಲೋ ಇದ್ದರೆ 001840 ಬದಲು 048100 ಬರುತ್ತದೆ.

ಮೊದಲು ಎಲ್ಲಾ ಒಂದೇ ಫೈಲಿನಲ್ಲಿ ಇಫ್, ಎಲಿಫ್ ಅಂತ ಬರೆದಿದ್ದೆ. ಅದು ಉದ್ದ ಆಗುತ್ತಾ ಹೋಯಿತು. ಈಗ ಡ್ರೈವರ್ಸ್ ಅಂತ ಫೋಲ್ಡರ್ ಮಾಡಿ ಒಂದೊಂದು ಕಾಟಾ ಓದಲು ಒಂದೊಂದು ಫೈಲ್ (ಡ್ರೈವರ್, ಪೈಥಾನ್ ಮಾತಿನಲ್ಲಿ ಮಾಡ್ಯೂಲ್) ಇಟ್ಟಿದ್ದೇನೆ. ಇಂಡಿಯ ಕಾಟಾದ ಫೈಲಿನ ಹೆಸರು ತಿರುವು. ಸೆಟ್ಟಿಂಗ್ಸ್‌ನಲ್ಲಿ ಯಾವ ಹೆಸರು ಇದೆಯೋ ಆ ಫೈಲ್ ಲೋಡ್ ಆಗಬೇಕು. __ಇಂಪೋರ್ಟ್__("ಡ್ರೈವರ್ಸ್.ತಿರುವು") ಅಂತ ಕರೆದೆ. ಏರರ್ ಬರಲಿಲ್ಲ. ಆದರೆ ಸಿಕ್ಕಿದ್ದರಲ್ಲಿ ತೂಕ_ಓದು ಅನ್ನುವ ಫಂಕ್ಷನ್ ಇಲ್ಲ ಅಂದಿತು. ಫೈಲ್ ತೆರೆದು ನೋಡಿದರೆ ಫಂಕ್ಷನ್ ಅಲ್ಲೇ ಇದೆ!

ಹೇಗೋ ಸಿಸ್.ಮಾಡ್ಯೂಲ್ಸ್‌ನಿಂದ ಹುಡುಕಿ ತೆಗೆದು ದಾರಿ ಮಾಡಿಕೊಂಡೆ. ನನ್ನ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಓಡಿತು. ಪೈಥಾನ್ ಇಲ್ಲದ ಕಂಪ್ಯೂಟರಿನಲ್ಲೂ ಓಡುವ ಹಾಗೆ ಪೈಇನ್‌ಸ್ಟಾಲರ್‌ನಲ್ಲಿ ಇಎಕ್ಸ್‌ಇ ಫೈಲ್ ಮಾಡಿ ಇಂಡಿಗೆ ಒಯ್ದೆ. ಅಲ್ಲಿ ಡ್ರೈವರ್ ಸಿಗುವುದೇ ಇಲ್ಲ. ಯಾಕೆ?

ಘಟಪ್ರಭಾ ದಂಡೆ (ಗೋಕಾಕ) · 9:31

ಇಲ್ಲಿ ಎರಡು ಬೇರೆ ಬೇರೆ ತೊಂದರೆ ಇವೆ. ಮೊದಲನೆಯದು ಹೇಳುತ್ತೇನೆ.

__ಇಂಪೋರ್ಟ್__ ಗೆ ಚುಕ್ಕಿ ಇರುವ ಹೆಸರು ಕೊಟ್ಟರೆ ಅದು ಕೊನೆಯ ಮಾಡ್ಯೂಲನ್ನೂ ಲೋಡ್ ಮಾಡುತ್ತದೆ, ಆದರೆ ಕೈಗೆ ಕೊಡುವುದು ಮೊದಲ ಚುಕ್ಕಿಯ ಹಿಂದಿನದನ್ನು. ನೀವು ತಿರುವು ಕೇಳಿದಿರಿ, ಅದು ಡ್ರೈವರ್ಸ್ ಕೊಟ್ಟಿತು. ತಾಳಿಕೋಟೆಯ ಮನೆ ಕೇಳಿದವರಿಗೆ ವಿಜಯಪುರ ಬಸ್‌ಸ್ಟ್ಯಾಂಡ್ ತೋರಿಸಿದ ಹಾಗೆ. ಇದು ಬಗ್ ಅಲ್ಲ. ನಾವು ಬರೆಯುವ ಇಂಪೋರ್ಟ್ ಸಾಲಿಗೆ ಹಿಂದೆ ನಿಂತು ಕೆಲಸ ಮಾಡಲು ಇರುವ ಫಂಕ್ಷನ್ ಅದು. ಆ ಸಾಲಿಗೆ ಮೊದಲ ಹೆಸರೇ ಬೇಕು.

ನಿಮಗೆ ಬೇಕಾದದ್ದು ಪೈಥಾನ್ ಜೊತೆಗೇ ಬರುವ ಇಂಪೋರ್ಟ್‌ಲಿಬ್ ಒಳಗಿನ ಇಂಪೋರ್ಟ್_ಮಾಡ್ಯೂಲ್. ಪೈಥಾನ್ 3.1 ರಿಂದ ಇದೆ, ಹಳೆಯ 2.7 ರಲ್ಲೂ ಇತ್ತು. ಅದು ಕೊನೆಯ ಮಾಡ್ಯೂಲನ್ನೇ ಕೊಡುತ್ತದೆ. ಪೈಥಾನ್ ಕೈಪಿಡಿಯಲ್ಲೂ __ಇಂಪೋರ್ಟ್__ ಬೇಡ, ಇದನ್ನೇ ಬಳಸಿ ಅಂತ ಇದೆ. ಎರಡು ಸಾಲು ಸಾಕು (ಪೈಥಾನ್ ಪದಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಬರೆದಿದ್ದೇನೆ, ಕೋಡಿನಲ್ಲಿ ಅವು ಇಂಗ್ಲಿಷಿನಲ್ಲೇ ಇರಬೇಕು):

ಮಾ = ಇಂಪೋರ್ಟ್‌ಲಿಬ್.ಇಂಪೋರ್ಟ್_ಮಾಡ್ಯೂಲ್("ಡ್ರೈವರ್ಸ್." + ಹೆಸರು)
ತೂಕ = ಮಾ.ತೂಕ_ಓದು()

ಕುಂದಾನಗರಿ (ಬೆಳಗಾವಿ) · 9:38

ಇದನ್ನು ನೋಡಿ ನನಗೆ ಇನ್ನೊಂದು ಭಾಷೆ ಜಾವಾದ ಕ್ಲಾಸ್.ಫಾರ್‌ನೇಮ್ ನೆನಪಾಯಿತು. ವಿಟಿಯು ಕ್ಯಾಂಪಸ್ ಜ್ಞಾನಸಂಗಮದ ಹತ್ತಿರ ರೂಮ್ ಮಾಡಿಕೊಂಡಿದ್ದಾಗ ಡೇಟಾಬೇಸ್ ಲ್ಯಾಬಿಗೆ ಆ ಒಂದು ಸಾಲನ್ನು ಎಲ್ಲರೂ ಬಾಯಿಪಾಠ ಮಾಡಿದ್ದೆವು. ಯಾಕೆ ಬರೆಯಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಅಲ್ಲೂ ಇದೇ ಕಥೆ. ಡ್ರೈವರ್ ಕ್ಲಾಸಿನ ಹೆಸರನ್ನು ಸ್ಟ್ರಿಂಗ್ ಆಗಿ ಕೊಡುತ್ತೇವೆ. ಕ್ಲಾಸ್ ಲೋಡ್ ಆಗುವಾಗ ಅದರ ಸ್ಟ್ಯಾಟಿಕ್ ಬ್ಲಾಕ್ ಓಡುತ್ತದೆ. ಆ ಬ್ಲಾಕ್ ಡ್ರೈವರನ್ನು ನೋಂದಾಯಿಸುತ್ತದೆ. 2006 ರಲ್ಲಿ ಜಾವಾ 6 ಜೊತೆ ಜೆಡಿಬಿಸಿ 4.0 (ಜಾವಾದಿಂದ ಡೇಟಾಬೇಸ್ ಮುಟ್ಟುವ ವ್ಯವಸ್ಥೆ) ಬಂದ ಮೇಲೆ ಆ ಸಾಲೇ ಬೇಕಿಲ್ಲ, ಡ್ರೈವರಿನ ಜಾರ್ ಫೈಲ್ ಒಳಗಿನ ಸರ್ವಿಸಸ್ ಫೋಲ್ಡರಿನಿಂದ ತಾನೇ ಹುಡುಕಿಕೊಳ್ಳುತ್ತದೆ. ನಾವು ಅದಾಗಿ ಎಷ್ಟೋ ವರ್ಷದ ಮೇಲೂ ಬರೆಯುತ್ತಿದ್ದೆವು.

ಕಬ್ಬಿನಗಾಡಿ (ಮುಧೋಳ) · 9:50

ಒಟ್ಟು ಎಷ್ಟು ಥರದ ಕಾಟಾ ಇವೆ ನಿಮ್ಮ ಹತ್ತಿರ? ಐದಾ, ಆರಾ? ಅಷ್ಟಕ್ಕೆ ಇದೆಲ್ಲಾ ಯಾಕೆ ಬೇಕು? ಆರನ್ನೂ ಮೇಲೆ ನೇರವಾಗಿ ಇಂಪೋರ್ಟ್ ಮಾಡಿ. ಒಂದು ಡಿಕ್ಷನರಿಯಲ್ಲಿ ಹೆಸರು ಒಂದು ಕಡೆ, ಮಾಡ್ಯೂಲ್ ಇನ್ನೊಂದು ಕಡೆ ಇಡಿ. ಮುಗಿಯಿತು. ಎಂಟು ವರ್ಷದಿಂದ ಕಬ್ಬಿನ ಕಾಟಾಗಳಿಗೆ ಸಾಫ್ಟ್‌ವೇರ್ ಹಾಕಿಕೊಡುತ್ತಿದ್ದೇನೆ. ಹೀಗೇ ಮಾಡಿದ್ದೇನೆ, ಯಾವತ್ತೂ ಕೈಕೊಟ್ಟಿಲ್ಲ.

ಬಾದಾಮಿ ಕೆಂಪುಕಲ್ಲು · 9:55

ಅಣ್ಣಾ, ಸಿಸ್.ಮಾಡ್ಯೂಲ್ಸ್ ಅಂದರೇನು? ನಾನು ಡಿಪ್ಲೊಮಾ ಎರಡನೇ ವರ್ಷ.

ಘಟಪ್ರಭಾ ದಂಡೆ · 10:04

ಒಮ್ಮೆ ಲೋಡ್ ಆದ ಮಾಡ್ಯೂಲ್‌ಗಳ ಪಟ್ಟಿ ಅದು. ಒಂದು ಡಿಕ್ಷನರಿ. ಯಾವುದೇ ಇಂಪೋರ್ಟ್ ಬಂದರೂ ಪೈಥಾನ್ ಮೊದಲು ಅಲ್ಲಿ ನೋಡುತ್ತದೆ. ಇದ್ದರೆ ಅದನ್ನೇ ಕೊಡುತ್ತದೆ, ಫೈಲನ್ನು ಮತ್ತೆ ಓದುವುದಿಲ್ಲ. ಇಲ್ಲದಿದ್ದರೆ ಸಿಸ್.ಪಾತ್‌ನಲ್ಲಿರುವ ಫೋಲ್ಡರ್‌ಗಳನ್ನು ಒಂದಾದ ಮೇಲೊಂದು ಹುಡುಕುತ್ತದೆ. ಸಿಕ್ಕ ಫೈಲನ್ನು ಮೇಲಿಂದ ಕೆಳಗಿನವರೆಗೆ ಓಡಿಸುತ್ತದೆ. ನೆನಪಿಡು ತಮ್ಮಾ, ಇಂಪೋರ್ಟ್ ಅಂದರೆ ಬರೀ ಓದುವುದಲ್ಲ, ಓಡಿಸುವುದು.

ಬಾದಾಮಿ ಕೆಂಪುಕಲ್ಲು · 10:09

ಅದಕ್ಕೇ ಇರಬೇಕು! ಫೈಲ್ ತಿದ್ದಿ ಸೇವ್ ಮಾಡಿದರೂ ಹಳೆಯದೇ ಓಡುತ್ತಿತ್ತು.

ಘಟಪ್ರಭಾ ದಂಡೆ · 10:11

ಹೌದು. ಇಂಪೋರ್ಟ್‌ಲಿಬ್.ರಿಲೋಡ್ ಇದೆ. ಆದರೆ ಫ್ರಮ್ ಹಾಕಿ ಮೊದಲೇ ತಂದುಕೊಂಡ ಫಂಕ್ಷನ್ ಹಳೆಯದೇ ಉಳಿಯುತ್ತದೆ. ಪ್ರೋಗ್ರಾಮ್ ಮುಚ್ಚಿ ತೆರೆಯುವುದೇ ಒಳ್ಳೆಯದು.

ಒಣದ್ರಾಕ್ಷಿ · 10:20

ಘಟಪ್ರಭಾ ಸರ್, ಇಂಪೋರ್ಟ್_ಮಾಡ್ಯೂಲ್ ಕೆಲಸ ಮಾಡಿತು. ನನ್ನ ಹನ್ನೊಂದು ಸಾಲು ಅಳಿಸಿ ಎರಡು ಸಾಲು ಆಯಿತು. ತುಂಬಾ ಧನ್ಯವಾದ. ಈಗ ಇಂಡಿಯ ವಿಷಯ ಉಳಿಯಿತು.

ಕಬ್ಬಿನಗಾಡಿ ಅಣ್ಣ, ಈಗ ಒಂಬತ್ತು ಥರದ ಕಾಟಾ ಇವೆ. ಹಂಗಾಮಿನಲ್ಲಿ ಹೊಸದು ಬರುತ್ತಲೇ ಇರುತ್ತವೆ. ಪ್ರತಿ ಸಲ ಇಎಕ್ಸ್‌ಇ ಕಟ್ಟಿ ಎಲ್ಲರಿಗೂ ಕಳಿಸುವುದು ಬೇಡ, ಒಂದು ಫೈಲ್ ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಅವರು ಫೋಲ್ಡರಿಗೆ ಹಾಕಿಕೊಳ್ಳಲಿ ಅಂತ ನನ್ನ ಆಸೆ.

ಇಳಕಲ್ ಸೆರಗು · 10:33

ಏರರ್ ಬಂದರೆ ಏನು ಮಾಡಬೇಕು ಅಂತ ಬರೆದ ನಿಮ್ಮ ಎಕ್ಸೆಪ್ಟ್ ಸಾಲು ಹೇಗಿದೆ? ಅದನ್ನು ಹಾಕಿ, ಆಮೇಲೆ ಮಾತಾಡೋಣ.

ಒಣದ್ರಾಕ್ಷಿ · 10:37

ಟ್ರೈ ಒಳಗೆ ಲೋಡ್ ಮಾಡುತ್ತೇನೆ. ಇಂಪೋರ್ಟ್‌ಎರರ್ ಬಂದರೆ «ಡ್ರೈವರ್ ಸಿಗಲಿಲ್ಲ» ಅಂತ ಲಾಗ್‌ಗೆ ಬರೆದು ಸಾಮಾನ್ಯ ಡ್ರೈವರ್ ಹಾಕುತ್ತೇನೆ. ಅಂಗಡಿಯವರ ಕೆಲಸ ನಿಲ್ಲಬಾರದು ಅಂತ.

ಇಳಕಲ್ ಸೆರಗು · 10:52

ಅಲ್ಲೇ ಇದೆ ನೋಡಿ ಗಂಟು. ಇಂಪೋರ್ಟ್‌ಎರರ್ ಅಂದರೆ ನಿಮ್ಮ ಡ್ರೈವರ್ ಫೈಲ್ ಇಲ್ಲ ಅಂತಲೇ ಅರ್ಥ ಅಲ್ಲ. ಫೈಲ್ ಇರಬಹುದು, ಅದರೊಳಗೆ ಬರೆದ ಇನ್ನೊಂದು ಇಂಪೋರ್ಟ್ ಸಿಗದೇ ಹೋಗಿರಬಹುದು. ಎರಡಕ್ಕೂ ಒಂದೇ ಏರರ್. ನೀವು ಎರಡನ್ನೂ ಒಂದೇ ಬುಟ್ಟಿಗೆ ಹಾಕಿ ಮುಚ್ಚಿಬಿಟ್ಟಿದ್ದೀರಿ.

ಪೈಥಾನ್ 3.6 ರಿಂದ ಮಾಡ್ಯೂಲ್‌ನಾಟ್‌ಫೌಂಡ್‌ಎರರ್ ಅಂತ ಬೇರೆಯೇ ಇದೆ. ಅದನ್ನು ಹಿಡಿದು, ಅದರ ನೇಮ್ ಅನ್ನುವ ಆಟ್ರಿಬ್ಯೂಟ್ ಪ್ರಿಂಟ್ ಮಾಡಿ. ಯಾವ ಮಾಡ್ಯೂಲ್ ಸಿಗಲಿಲ್ಲ ಅಂತ ಪೂರ್ತಿ ಹೆಸರು ಅದರಲ್ಲಿರುತ್ತದೆ. «ಡ್ರೈವರ್ಸ್.ತಿರುವು» ಅಂತ ಬಂದರೆ ಡ್ರೈವರೇ ಇಲ್ಲ. ಬೇರೆ ಹೆಸರು ಬಂದರೆ ಡ್ರೈವರ್ ಇದೆ, ಅದಕ್ಕೆ ಬೇಕಾದದ್ದು ಇಲ್ಲ.

ನಾನು ನೇಕಾರರ ಸೊಸೈಟಿಗೆ ಸೀರೆ ಲೆಕ್ಕದ ಪ್ರೋಗ್ರಾಮ್ ಬರೆದಾಗ ಇದೇ ತಪ್ಪು ಮಾಡಿ ಒಂದು ವಾರ ಕಳೆದಿದ್ದೇನೆ. ರೇಷ್ಮೆ ಸೀರೆಯ ಮಾಡ್ಯೂಲ್ ಇಲ್ಲ, ಇಲ್ಲ ಅನ್ನುತ್ತಿತ್ತು. ಮಾಡ್ಯೂಲ್ ಕಣ್ಣೆದುರೇ ಇತ್ತು. ಅದರೊಳಗೆ ಎಕ್ಸೆಲ್ ಫೈಲ್ ಬರೆಯುವ ಲೈಬ್ರರಿ ಮಾತ್ರ ಅಲ್ಲಿಯ ಕಂಪ್ಯೂಟರಿನಲ್ಲಿ ಇರಲಿಲ್ಲ.

ಕಬ್ಬಿನಗಾಡಿ · 11:05

ತಡೀರಿ ತಡೀರಿ. ಸಾಮಾನ್ಯ ಡ್ರೈವರ್ ಹಾಕುತ್ತೀರಾ? ಅಂಕಿ ಹಿಂದುಮುಂದಾಗಿ ಬರುವ ಕಾಟಾಕ್ಕೆ ನೇರವಾಗಿ ಓದುವ ಡ್ರೈವರಾ?

ಒಣದ್ರಾಕ್ಷಿ · 11:14

ಹೌದು ಅಣ್ಣ. ಅದನ್ನೇ ಹೇಳಬೇಕಿತ್ತು. ಅವತ್ತು ಒಬ್ಬ ರೈತರು ಪಿಕಪ್‌ನಲ್ಲಿ ಬಾಕ್ಸ್ ತಂದಿದ್ದರು. ಕಾಟಾದ ಕೆಂಪು ಅಂಕಿ 1840 ತೋರಿಸುತ್ತಿತ್ತು. ನಮ್ಮ ಚೀಟಿಯಲ್ಲಿ 48100 ಕಿಲೋ ಬಂತು. ಅವರು ಚೀಟಿ ಹಿಡಿದುಕೊಂಡು ಕಾಟಾ ನೋಡಿದರು, ಚೀಟಿ ನೋಡಿದರು, ಆಮೇಲೆ ನನ್ನನ್ನು ನೋಡಿದರು. ಕೈಯಲ್ಲೇ ತಿದ್ದಿ ಸಹಿ ಹಾಕಿಕೊಟ್ಟೆವು. ನನಗೆ ರಾತ್ರಿ ನಿದ್ದೆ ಬರಲಿಲ್ಲ.

ಕಬ್ಬಿನಗಾಡಿ · 11:40

ಬೇಜಾರು ಮಾಡಿಕೊಳ್ಳಬೇಡಿ, ಆದರೆ ಇದನ್ನು ಗಟ್ಟಿಯಾಗಿ ಹೇಳಲೇಬೇಕು. 48100 ಬಂದಿದ್ದು ನಿಮ್ಮ ಅದೃಷ್ಟ, ಯಾರಿಗಾದರೂ ಕಾಣುತ್ತದೆ. 1210 ಕಿಲೋ ಇಟ್ಟಿದ್ದರೆ 012100 ಬರುತ್ತಿತ್ತು, ಹತ್ತು ಪಟ್ಟು, ಅದೂ ಕಾಣುತ್ತದೆ. ಆದರೆ ಐದಂಕಿಯ ದೊಡ್ಡ ತೂಕ ನೋಡಿ. ಲಾರಿ ಕಾಟಾದಲ್ಲಿ 021320 ಇದ್ದರೆ ತಿರುವಿದಾಗ 023120. ಹದಿನೆಂಟು ಕ್ವಿಂಟಲ್ ವ್ಯತ್ಯಾಸ, ಆದರೆ ನೋಡಿದವರಿಗೆ ಎರಡೂ ಸರಿಯಾದ ತೂಕದ ಹಾಗೇ ಕಾಣುತ್ತವೆ. ಯಾರಿಗೂ ಅನುಮಾನ ಬರುವುದಿಲ್ಲ.

ನಮ್ಮ ಅಪ್ಪ ಕಬ್ಬು ಬೆಳೆಯುತ್ತಾರೆ. ವರ್ಷವಿಡೀ ನೀರು ಕಟ್ಟಿ ಬೆಳೆಸಿದ್ದು ಕಾಟಾ ಮೇಲೆ ಒಂದು ನಿಮಿಷ ನಿಲ್ಲುತ್ತದೆ. ಆ ನಿಮಿಷದಲ್ಲಿ ಬರುವ ಅಂಕಿಯೇ ಅವರ ವರ್ಷದ ದುಡಿಮೆ. ಕಾಟಾ ಹತ್ತಿರ ನಿಂತಾಗ ಅವರು ಮಾತಾಡುವುದೇ ಇಲ್ಲ, ಅಂಕಿ ನಿಲ್ಲುವವರೆಗೆ ಕಣ್ಣು ಕೀಳುವುದಿಲ್ಲ. ಡ್ರೈವರ್ ಸಿಗದಿದ್ದರೆ ಪ್ರೋಗ್ರಾಮ್ ನಿಲ್ಲಲಿ. ದೊಡ್ಡದಾಗಿ ಪರದೆ ಮೇಲೆ ಹೇಳಲಿ. ಒಂದು ಗಂಟೆ ಕೈಬರಹದ ಚೀಟಿ ಕೊಟ್ಟರೆ ಯಾರೂ ಸಾಯುವುದಿಲ್ಲ.

ಘಟಪ್ರಭಾ ದಂಡೆ · 11:46

ಇದಕ್ಕೆ ನನ್ನದೂ ಒಪ್ಪಿಗೆ. ಪೂರ್ತಿ.

ಸುಮ್ನೆ ಓದುಗ · 11:48

ಮಾಡ್ಯೂಲ್‌ಗೆ ಕನ್ನಡದಲ್ಲಿ ಏನನ್ನುತ್ತಾರೆ? ಘಟಕ ಅಂತ ಎಲ್ಲೋ ಓದಿದ್ದೆ.

ಕುಂದಾನಗರಿ · 11:51

ಘಟಕ ಅಂದರೆ ನಮ್ಮ ಕಡೆ ಮೊದಲು ಬಸ್ ಡಿಪೋ ನೆನಪಾಗುತ್ತದೆ. ಮಾಡ್ಯೂಲ್ ಅಂತಲೇ ಅನ್ನಿ, ಎಲ್ಲರಿಗೂ ತಿಳಿಯುತ್ತದೆ.

ಇಳಕಲ್ ಸೆರಗು · ಮಂಗಳವಾರ ಬೆಳಗ್ಗೆ 7:20

ರಾತ್ರಿ ಒಂದು ಹೇಳುವುದು ಬಿಟ್ಟೆ. ನಿಮ್ಮ ಫೈಲ್ ಹೆಸರುಗಳು ಕನ್ನಡ ಲಿಪಿಯಲ್ಲೇ ಇವೆಯಾ? ಹಾಗಿದ್ದರೆ ಇದನ್ನು ಓದಿ. ಪೈಥಾನ್ 3 ರಲ್ಲಿ ಕನ್ನಡ ಹೆಸರು ನಡೆಯುತ್ತದೆ, ನಾನೂ ಇಡುತ್ತೇನೆ, ಖುಷಿಯಾಗುತ್ತದೆ. ಆದರೆ ಹೆಸರನ್ನು ಸ್ಟ್ರಿಂಗ್ ಆಗಿ ಕೊಟ್ಟು ಲೋಡ್ ಮಾಡುವಾಗ ಒಂದು ಗುಂಡಿ ಇದೆ.

«ಜೋಳ» ಅಂತ ಬರೆಯಿರಿ. ಕಣ್ಣಿಗೆ ಒಂದೇ. ಆದರೆ ಕಂಪ್ಯೂಟರಿನಲ್ಲಿ ಜೋ ಅನ್ನುವುದನ್ನು ಎರಡು ಥರ ಇಡಬಹುದು. ಜ ಜೊತೆ ಓತ್ವದ ಒಂದೇ ಚಿಹ್ನೆ. ಇಲ್ಲವೇ ಜ, ಎತ್ವ, ಕೊಂಬಿನ ದೀರ್ಘ, ಮೇಲೆ ದೀರ್ಘದ ಗುರುತು, ಹೀಗೆ ಬಿಡಿಬಿಡಿಯಾಗಿ. ಮೊದಲನೆಯ ರೂಪದ ಜೋಳಕ್ಕೆ ಲೆನ್ (ಉದ್ದ) ಕೇಳಿದರೆ 3 ಬರುತ್ತದೆ, ಎರಡನೆಯದರದ್ದು 5. ಇಂಪೋರ್ಟ್ ಜೋಳ ಅಂತ ಕೋಡಿನಲ್ಲಿ ಬರೆದರೆ ಪೈಥಾನ್ ತಾನೇ ಬಿಡಿ ಗುರುತುಗಳನ್ನು ಕೂಡಿಸಿಕೊಳ್ಳುತ್ತದೆ. ಇಂಪೋರ್ಟ್_ಮಾಡ್ಯೂಲ್("ಜೋಳ") ಅಂದರೆ ಕೂಡಿಸುವುದಿಲ್ಲ, ಸ್ಟ್ರಿಂಗ್ ಹೇಗಿದೆಯೋ ಹಾಗೇ ಫೈಲ್ ಹುಡುಕುತ್ತದೆ. ನನಗೆ ಇದು ಆಗಿದ್ದು ಹಳೆಯ ಫಾಂಟಿನ ಪಠ್ಯವನ್ನು ಯುನಿಕೋಡ್‌ಗೆ ಬದಲಿಸಿದಾಗ. ಪಟ್ಟಿಯಲ್ಲಿದ್ದ ಹೆಸರು ಬಿಡಿಬಿಡಿ, ಫೈಲಿನ ಹೆಸರು ಕೂಡಿದ್ದು. ಎರಡನ್ನೂ ಪಕ್ಕಪಕ್ಕ ಇಟ್ಟು ಎಷ್ಟು ನೋಡಿದರೂ ವ್ಯತ್ಯಾಸ ಕಾಣಲಿಲ್ಲ.

ಪರಿಹಾರ ಸುಲಭ. ಯುನಿಕೋಡ್‌ಡೇಟಾ ಮಾಡ್ಯೂಲಿನ ನಾರ್ಮಲೈಸ್ ಫಂಕ್ಷನ್‌ಗೆ ಎನ್‌ಎಫ್‌ಸಿ (ಕೂಡಿದ ರೂಪ) ಅಂತ ಕೊಟ್ಟು ಹೆಸರನ್ನು ಒಮ್ಮೆ ಹಾಯಿಸಿ, ಆಮೇಲೆ ಲೋಡ್ ಮಾಡಿ. ಫೈಲಿಗೂ ಅದೇ ರೂಪದ ಹೆಸರು ಇಡಿ.

ಇನ್ನೊಂದು: ಗೋಕಾಕ್ ಆದ ಮೇಲೆ ಕಾಟಾ ಸೇರಿಸಿ ಒಂದೇ ಹೆಸರು ಮಾಡುವಾಗ ಒತ್ತಕ್ಷರ ಬಾರದಿರಲಿ ಅಂತ ನಡುವೆ ಕಾಣದ ಅಕ್ಷರ ಹಾಕುತ್ತೇವಲ್ವಾ, ಅದನ್ನು ಪೈಥಾನ್ ಹೆಸರಿನೊಳಗೆ ಒಪ್ಪುವುದಿಲ್ಲ. ನೇರ ಸಿಂಟ್ಯಾಕ್ಸ್ ಏರರ್.

ಬಾದಾಮಿ ಕೆಂಪುಕಲ್ಲು · 7:41

ಅಕ್ಕಾ, ಇದನ್ನು ಮಾಡಿ ನೋಡಿದೆ. ನಿಜವಾಗಲೂ 3 ಮತ್ತು 5 ಬಂತು!

ನನ್ನದೂ ಒಂದು ಪ್ರಶ್ನೆ. ಕಾಟಾ ಓದುವುದನ್ನು ಕಲಿಯೋಣ ಅಂತ ಸೀರಿಯಲ್ ಅನ್ನುವ ಲೈಬ್ರರಿ ಹಾಕಿಕೊಂಡೆ. ಸೀರಿಯಲ್ ಮಾಡ್ಯೂಲಿನಲ್ಲಿ ಸೀರಿಯಲ್ ಅನ್ನುವ ಕ್ಲಾಸೇ ಇಲ್ಲ ಅನ್ನುತ್ತಿದೆ.

ಕಬ್ಬಿನಗಾಡಿ · 7:50

ಲೈಬ್ರರಿ ಹಾಕುವ ಪಿಪ್‌ನಲ್ಲಿ ಯಾವ ಹೆಸರು ಕೊಟ್ಟೆ? ಸೀರಿಯಲ್ ಅಂತ ಹಾಕಿದರೆ ಅದು ಬೇರೆಯೇ ಲೈಬ್ರರಿ, ಕಾಟಾದ ಕೇಬಲ್ ಹಾಕುವ ಪೋರ್ಟ್‌ಗೂ ಅದಕ್ಕೂ ಸಂಬಂಧ ಇಲ್ಲ. ನಿನಗೆ ಬೇಕಾದದ್ದು ಪೈಸೀರಿಯಲ್. ಹಾಕುವಾಗ ಪೈಸೀರಿಯಲ್, ಇಂಪೋರ್ಟ್ ಮಾಡುವಾಗ ಸೀರಿಯಲ್. ಮೊದಲಿನದನ್ನು ತೆಗೆದುಹಾಕು. ಮತ್ತೆ ನಿನ್ನ ಸ್ವಂತ ಫೈಲಿಗೆ ಸೀರಿಯಲ್ ಅಂತ ಹೆಸರಿಟ್ಟಿದ್ದರೆ ಅದನ್ನೂ ಬದಲಿಸು. ಪೈಥಾನ್ ನಿನ್ನ ಫೋಲ್ಡರನ್ನೇ ಮೊದಲು ನೋಡುತ್ತದೆ.

ಬಾದಾಮಿ ಕೆಂಪುಕಲ್ಲು · 7:58

ಎರಡೂ ತಪ್ಪು ಮಾಡಿದ್ದೆ ಅಣ್ಣಾ. ಈಗ ಸರಿಯಾಯಿತು.

ಒಣದ್ರಾಕ್ಷಿ · 8:30

ಇಂಡಿಯವರಿಗೆ ಹೆಸರು ಪ್ರಿಂಟ್ ಮಾಡುವ ಇಎಕ್ಸ್‌ಇ ಕಳಿಸಿದ್ದೆ. ಫೋಟೊ ಕಳಿಸಿದ್ದಾರೆ. «ಡ್ರೈವರ್ಸ್.ತಿರುವು» ಅಂತಲೇ ಬಂದಿದೆ. ಅಂದರೆ ಡ್ರೈವರೇ ಇಲ್ಲ. ಆದರೆ ನಾನು ಫೋಲ್ಡರ್ ಸಮೇತ ಕಟ್ಟಿದ್ದೇನಲ್ಲ?

ಘಟಪ್ರಭಾ ದಂಡೆ · 8:47

ಇದೇ ಆ ಎರಡನೇ ತೊಂದರೆ. ಪೈಇನ್‌ಸ್ಟಾಲರ್ ನಿಮ್ಮ ಫೋಲ್ಡರ್ ನೋಡಿ ಕಟ್ಟುವುದಿಲ್ಲ. ಕೋಡಿನಲ್ಲಿರುವ ಇಂಪೋರ್ಟ್ ಸಾಲುಗಳನ್ನು ಹಿಂಬಾಲಿಸಿಕೊಂಡು ಹೋಗಿ, ಸಿಕ್ಕಿದ್ದನ್ನೆಲ್ಲಾ ಒಳಗೆ ಹಾಕುತ್ತದೆ. ಸಾಮಾನ್ಯ ಡ್ರೈವರನ್ನು ನೀವು ನೇರವಾಗಿ ಇಂಪೋರ್ಟ್ ಮಾಡಿರಬೇಕು, ಅದು ಒಳಗೆ ಬಂತು. ತಿರುವು ಅನ್ನುವ ಹೆಸರು ಸೆಟ್ಟಿಂಗ್ಸ್ ಫೈಲಿನಲ್ಲಿದೆ, ಪ್ರೋಗ್ರಾಮ್ ಓಡುವಾಗ ಮಾತ್ರ ಗೊತ್ತಾಗುತ್ತದೆ. ಕಟ್ಟುವಾಗ ಪೈಇನ್‌ಸ್ಟಾಲರ್‌ಗೆ ಅದು ಗೊತ್ತಾಗುವುದಾದರೂ ಹೇಗೆ?

ಹಿಡನ್ ಇಂಪೋರ್ಟ್ ಅನ್ನುವ ಆಯ್ಕೆ ಇದೆ. ಅದರಲ್ಲಿ ಒಂಬತ್ತೂ ಡ್ರೈವರ್ ಹೆಸರು ಕೊಡಿ. ಇಲ್ಲವೇ ಕಲೆಕ್ಟ್ ಸಬ್‌ಮಾಡ್ಯೂಲ್ಸ್ ಅಂತ ಕೊಟ್ಟು ಡ್ರೈವರ್ಸ್ ಅಂದರೆ ಪೂರ್ತಿ ಫೋಲ್ಡರ್ ಎತ್ತಿಕೊಳ್ಳುತ್ತದೆ.

ಕಬ್ಬಿನಗಾಡಿ · 8:55

ಡಿಕ್ಷನರಿ ಮಾಡಿದ್ದರೆ ಇದು ಬರುತ್ತಲೇ ಇರಲಿಲ್ಲ. ಅದನ್ನೇ ನಿನ್ನೆಯಿಂದ ಹೇಳುತ್ತಿದ್ದೇನೆ.

ಒಣದ್ರಾಕ್ಷಿ · 9:02

ಆದರೆ ಹೊಸ ಕಾಟಾ ಬಂದಾಗ ಬರೀ ಫೈಲ್ ಕಳಿಸುವ ನನ್ನ ಯೋಚನೆ? ಇಎಕ್ಸ್‌ಇ ಪಕ್ಕದಲ್ಲಿ ಒಂದು ಫೋಲ್ಡರ್ ಇಟ್ಟು ಅದನ್ನು ಸಿಸ್.ಪಾತ್‌ಗೆ ಸೇರಿಸಿದರೆ?

ಘಟಪ್ರಭಾ ದಂಡೆ · 9:10

ಆಗುತ್ತದೆ. ಆದರೆ ಹೊಸ ಡ್ರೈವರ್‌ಗೆ ಬೇಕಾದ ಲೈಬ್ರರಿಗಳು ಇಎಕ್ಸ್‌ಇ ಒಳಗೆ ಮೊದಲೇ ಇರಬೇಕು, ಇಲ್ಲದಿದ್ದರೆ ಮತ್ತೆ ಅದೇ ಏರರ್.

ಕಬ್ಬಿನಗಾಡಿ · 9:28

ಆಗುತ್ತದೆ ನಿಜ, ಆದರೆ ಮಾಡಬೇಡಿ. ಯೋಚನೆ ಮಾಡಿ. ಪಕ್ಕದ ಫೋಲ್ಡರಿನಲ್ಲಿ ಓದಲು ಬರುವ ಪೈಥಾನ್ ಫೈಲ್. ನೋಟ್‌ಪ್ಯಾಡಿನಲ್ಲಿ ತೆರೆಯಬಹುದು. ರಿಟರ್ನ್ ತೂಕ ಅಂತ ಇರುವಲ್ಲಿ ರಿಟರ್ನ್ ತೂಕ - 3 ಅಂತ ಬರೆದರೆ ಸಾಕು. ಪ್ರತಿ ತೂಕಕ್ಕೂ ಮೂರು ಕಿಲೋ ರೈತರ ಕೈಯಿಂದ ಹೋಯಿತು. ಕಾಟಾಕ್ಕೆ ಸರ್ಕಾರದ ಮುದ್ರೆ ಇರುತ್ತದೆ, ಸೀಲ್ ಇರುತ್ತದೆ. ನಿಮ್ಮ ಫೋಲ್ಡರಿಗೆ ಯಾವ ಸೀಲ್ ಇದೆ?

ಕುಂದಾನಗರಿ · 9:36

ಫೈಲಿನ ಶಾ-256 ಹ್ಯಾಷ್ (ಫೈಲಿನ ಒಂದಕ್ಷರ ತಿದ್ದಿದರೂ ಬದಲಾಗುವ ಗುರುತು) ತೆಗೆದು, ಪಟ್ಟಿಯಲ್ಲಿದ್ದರೆ ಮಾತ್ರ ಲೋಡ್ ಮಾಡುವ ಹಾಗೆ ಬರೆಯಬಹುದು.

ಕಬ್ಬಿನಗಾಡಿ · 9:39

ಆ ಪಟ್ಟಿ ಎಲ್ಲಿರುತ್ತದೆ? ಇಎಕ್ಸ್‌ಇ ಒಳಗೆ ತಾನೇ? ಹೊಸ ಡ್ರೈವರ್ ಬಂದರೆ ಮತ್ತೆ ಇಎಕ್ಸ್‌ಇ ಕಟ್ಟಬೇಕು. ಉಳಿಸಿದ್ದೇನು?

ಇಳಕಲ್ ಸೆರಗು · 9:58

ನಾನು ಬೇರೆ ಒಂದು ಹೇಳಲಾ? ಒಂಬತ್ತು ಕಾಟಾಗಳ ನಡುವೆ ವ್ಯತ್ಯಾಸ ಎಷ್ಟಿದೆ ಅಂತ ಒಮ್ಮೆ ಬರೆದು ನೋಡಿ. ಬಾಡ್ ಎಷ್ಟು, ಸಾಲು ಯಾವ ಅಕ್ಷರದಿಂದ ಶುರು, ಅಂಕಿ ಎಷ್ಟು, ಹಿಂದುಮುಂದಾ ಅಲ್ವಾ, ಕೊನೆಗೆ ಕೆಜಿ ಇದೆಯಾ. ಇಷ್ಟೇ ಅಲ್ವಾ? ಇದು ಕೋಡ್ ಅಲ್ಲ, ಮಾಹಿತಿ. ಒಂದೇ ಓದುವ ಫಂಕ್ಷನ್ ಬರೆಯಿರಿ, ಕಾಟಾದ ವಿವರ ಸೆಟ್ಟಿಂಗ್ಸ್ ಫೈಲಿನಲ್ಲಿರಲಿ. ಹೊಸ ಕಾಟಾ ಬಂದರೆ ಐದು ಸಾಲು ಕಳಿಸಿ. ಅದರಲ್ಲಿ ಮೂರು ಕಿಲೋ ಕಳೆಯುವ ಜಾಗವೇ ಇರುವುದಿಲ್ಲ. ನಿಜವಾಗಲೂ ವಿಚಿತ್ರವಾದ ಕಾಟಾಕ್ಕೆ ಮಾತ್ರ ಬೇರೆ ಮಾಡ್ಯೂಲ್, ಅದು ಇಎಕ್ಸ್‌ಇ ಒಳಗೆ.

ಕಬ್ಬಿನಗಾಡಿ · 10:03

ಇದು ನನಗೆ ಹೊಳೆದಿರಲಿಲ್ಲ ಅಕ್ಕಾ. ನಾನೂ ಹೀಗೆ ಬದಲಿಸುತ್ತೇನೆ.

ಘಟಪ್ರಭಾ ದಂಡೆ · 10:15

ಹೆಸರಿನ ಬಗ್ಗೆ ಒಂದೇ ಮಾತು. ಇಂಪೋರ್ಟ್_ಮಾಡ್ಯೂಲ್‌ಗೆ ಹೊರಗಿನಿಂದ ಬಂದ ಹೆಸರನ್ನು ಹಾಗೇ ಕೊಡಬೇಡಿ. ಸೆಟ್ಟಿಂಗ್ಸ್‌ನಲ್ಲಿ ಯಾರು ಏನು ಬೇಕಾದರೂ ಬರೆಯಬಹುದು, ಪೈಥಾನ್ ಅದನ್ನು ಓಡಿಸಿಬಿಡುತ್ತದೆ. ನಿಮಗೆ ಗೊತ್ತಿರುವ ಹೆಸರುಗಳ ಪಟ್ಟಿ ಇಟ್ಟುಕೊಂಡು, ಅದರಲ್ಲಿದ್ದರೆ ಮಾತ್ರ ಲೋಡ್ ಮಾಡಿ.

ಸುಮ್ನೆ ಓದುಗ · 10:20

ಈ ಸಲ ದ್ರಾಕ್ಷಿ ರೇಟ್ ಹೇಗಿದೆ ವಿಜಯಪುರದಲ್ಲಿ?

ಒಣದ್ರಾಕ್ಷಿ · ಬುಧವಾರ ಮಧ್ಯಾಹ್ನ 12:45

ಇಂಡಿಯಿಂದಲೇ ಬರೆಯುತ್ತಿದ್ದೇನೆ. ಇಲ್ಲಿ ಬಿಸಿಲು ಜೋರು, ಶೆಡ್ಡಿನ ಕೆಳಗೆ ಕೂತಿದ್ದೇನೆ.

ಏಳು ಕಾಟಾ ಸೆಟ್ಟಿಂಗ್ಸ್‌ನ ವಿವರದಲ್ಲೇ ಮುಗಿದವು. ತಿರುವೂ ಅದರಲ್ಲೇ ಬಂತು, «ಹಿಂದುಮುಂದು: ಹೌದು» ಅಂತ ಒಂದು ಸಾಲು. ಎರಡಕ್ಕೆ ಮಾತ್ರ ಮಾಡ್ಯೂಲ್ ಉಳಿಯಿತು. ಅವುಗಳ ಹೆಸರು ಪಟ್ಟಿಯಲ್ಲಿದೆ, ಹಿಡನ್ ಇಂಪೋರ್ಟ್‌ನಲ್ಲೂ ಇದೆ. ಸಾಮಾನ್ಯ ಡ್ರೈವರ್‌ಗೆ ಜಾರುವ ಸಾಲು ತೆಗೆದುಹಾಕಿದೆ. ಈಗ ಸಿಗದಿದ್ದರೆ ಕೆಂಪು ಪರದೆ ಬರುತ್ತದೆ, ಚೀಟಿ ಬರುವುದಿಲ್ಲ. ಕಾಟಾದಿಂದ ಬಂದ ಮೂಲ ಸಾಲನ್ನೂ ಚೀಟಿಯ ಕೆಳಗೆ ಸಣ್ಣಕ್ಷರದಲ್ಲಿ ಪ್ರಿಂಟ್ ಮಾಡಿಸಿದ್ದೇನೆ.

ಅವತ್ತಿನ ರೈತರೇ ಇವತ್ತೂ ಬಂದಿದ್ದರು. 1625 ಕಿಲೋ. ಕಾಟಾದಲ್ಲಿ 1625, ಚೀಟಿಯಲ್ಲಿ 1625, ಕೆಳಗೆ 526100. ಅದೇನು ಅಂತ ಕೇಳಿದರು. ಹಿಂದಿನಿಂದ ಓದಿ ಅಂದೆ. ಒಂದೊಂದೇ ಅಂಕಿ ಬೆರಳಿಟ್ಟು ಓದಿ, ಚೀಟಿ ಮಡಚಿ ಜೇಬಿಗೆ ಹಾಕಿಕೊಂಡರು.

ಕಬ್ಬಿನಗಾಡಿ · 12:58

ಮೂಲ ಸಾಲು ಪ್ರಿಂಟ್ ಮಾಡಿದ್ದು ಬಹಳ ಒಳ್ಳೆಯದಾಯಿತು. ಆ ಉಳಿದ ಎರಡು ಕಾಟಾ ಯಾವ ಥರದವು? ನನ್ನ ಹತ್ತಿರವೂ ಒಂದು ಹಾಗೇ ಇದೆ, ಸಂಜೆ ಫೋನ್ ಮಾಡುತ್ತೇನೆ.